ಕಾಸಿಮಸಾಬರು ಗುಡ್ಡದಿಂದ ಗುಮ್ಮಟ ನೋಡಿದ್ದು

ವಿಜಾಪುರದ ಗೋಳಗುಮ್ಮಟದ ಎದುರಿಗೆ ಟಾಂಗಾಗಳು ನಿಲ್ಲುವ ಜಾಗದಲ್ಲಿ ಕಾಸಿಮಸಾಬರಿಗಿಂತ ಹಳೆಯದು ಎಂದರೆ ಗುಮ್ಮಟ ಒಂದೇ ಎಂಬ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವರು ಕಾಸಿಮಸಾಬರೇ. ಕೆಂಪು ರುಮಾಲು, ಎಣ್ಣೆ ಹಚ್ಚಿ ತೀಡಿದ ಮೀಸೆ, ಪಿಸುಗುಟ್ಟಿದರೂ ಮೂರು ಮನೆಗೆ ಕೇಳುವ ಗಂಟಲು. ಮೂವತ್ತು ವರ್ಷ ಟಾಂಗಾ ಹೊಡೆದ ಮನುಷ್ಯ ನಡೆದದ್ದನ್ನು ಕಂಡವರು ಮಾತ್ರ ಕಡಿಮೆ. ಬೀದಿಯ ತುದಿಯಿಂದ ಬೀಡಿ ತರುವುದಿದ್ದರೂ ಬಿಜಲಿಯನ್ನು ಹೂಡುತ್ತಿದ್ದರು. ಬಿಜಲಿ ಎಂದರೆ ಅವರ ಕುದುರೆ. ಅದು ಓಡುವುದನ್ನು ನೋಡುವ ಮೊದಲೇ ಯಾರೋ ಆ ಹೆಸರು ಇಟ್ಟಿರಬೇಕು.

ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹೆಸರು ಮಲಕಾಜಪ್ಪ, ಊರು ಕಾಖಂಡಕಿ, ಕೆಲಸ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಇನ್ನೂ ಮದುವೆಯಾಗಿರಲಿಲ್ಲ, ಕನ್ನಡಕ ಮಾತ್ರ ಆಗಲೇ ಬಂದಿತ್ತು. ಈ ಕನ್ನಡಕದ ದೆಸೆಯಿಂದ ಕಾಸಿಮಸಾಬರಿಗೆ ನನ್ನ ಮೇಲೆ ಎಲ್ಲಿಲ್ಲದ ಕರುಣೆ. "ಇಷ್ಟ ಸಣ್ಣ ವಯಸ್ಸಿನ್ಯಾಗ ಕಣ್ಣ ಹೋದುವಲ್ಲೋ ತಮ್ಮಾ" ಎಂದು ಬಂದವರ ಮುಂದೆಲ್ಲ ಹಳಹಳಿಸುತ್ತಿದ್ದರು. ಹಾಗೆ ಹಳಹಳಿಸುವಾಗ ಅವರ ಮುಖ ಎಷ್ಟೋ ಸಲ ನನ್ನ ಕಡೆಗಿರದೆ, ನನ್ನ ಪಕ್ಕದ ಕಂಬದ ಕಡೆಗಿರುತ್ತಿತ್ತು.

ಇದ್ದ ಸಂಗತಿ ಇಷ್ಟೆ. ಕಾಸಿಮಸಾಬರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇದು ಗಲ್ಲಿಗೆ ಗೊತ್ತು, ಬಜಾರಕ್ಕೆ ಗೊತ್ತು, ಸ್ಟೇಶನ್ನಿನ ಹಮಾಲರಿಗೆ ಗೊತ್ತು. ಯಾರಿಗೂ ಗೊತ್ತಿಲ್ಲ ಎಂದು ತಿಳಿದವರು ಕಾಸಿಮಸಾಬರೊಬ್ಬರೇ. ಕಣ್ಣಿಲ್ಲದವನೆಂದು ತಿಳಿದರೆ ಟಾಂಗಾದ ಬಿಲ್ಲೆ ಕಸಿದುಕೊಳ್ಳುತ್ತಾರೆ, ಬಿಲ್ಲೆ ಹೋದಮೇಲೆ ತಾನು ಯಾರು ಎಂಬ ಭಯ ಅವರಿಗೆ. ಹೀಗಾಗಿ ಬಿಜಲಿಗೆ ಗೊತ್ತಿದ್ದ ದಾರಿಯಲ್ಲಿ ಬಿಜಲಿ ಹೊಡೆಯುತ್ತಿತ್ತು, ಗೊತ್ತಿಲ್ಲದ ಕಡೆ ಹಿಂದೆ ಕೂತ ಹೆಣ್ಣುಮಕ್ಕಳು ಹೊಡೆಯುತ್ತಿದ್ದರು. "ಕಾಸಿಮಸಾಬರ, ಎಮ್ಮಿ ಬಂತ ನೋಡ್ರಿ." "ಎಡಕ್ಕ ತಗೋರಿ, ಗಟಾರ ಐತಿ." ಅವರು ಮೀಸೆಯ ಮೇಲೆ ಕೈಯಾಡಿಸಿ, "ಕಂಡೈತಿ ಬಿಡವ್ವಾ, ನನಗೇನ ಹೇಳ್ತಿ" ಎನ್ನುತ್ತಿದ್ದರು. ಹೀಗೆ ಸಂಸಾರ ಸಾಗಿತ್ತು.

ಸಾಗದಂತೆ ಮಾಡಿದವನು ಚಂದ್ರ. ೧೯೭೮ ಮುಗಿಯುವ ಹೊತ್ತಿಗೆ ಸಫರ್ ತಿಂಗಳ ಚಂದ್ರ ನೋಡಲು ಗಲ್ಲಿಯ ಗಂಡಸರೆಲ್ಲ ಮಾಳಿಗೆ ಹತ್ತಿದ್ದರು. ಎಲ್ಲರಿಗಿಂತ ಮೊದಲು ಚಂದ್ರನನ್ನು ಕಂಡು ಕೂಗುವುದು ಬಹಳ ವರ್ಷಗಳಿಂದ ಕಾಸಿಮಸಾಬರ ಹಕ್ಕು. ಅಂದೂ ಅವರು ಕೈ ಚಾಚಿ "ಅಗೋ ಚಾಂದ! ಅಗೋ!" ಎಂದು ಕೂಗಿ, ಎರಡೂ ಕೈ ಎತ್ತಿ ದುವಾ ಶುರುಮಾಡಿಯೇ ಬಿಟ್ಟರು. ಅವರು ತೋರಿಸಿದ್ದು ಹತ್ತಿ ಗಿರಣಿಯ ಕಂಬದ ದೀಪವನ್ನು. ಹಿರಿಯರ ಮಾತು ತೆಗೆದುಹಾಕುವುದು ಹೇಗೆ? ಉಳಿದವರೂ ಗಿರಣಿಯ ದೀಪಕ್ಕೆ ಮುಖಮಾಡಿ ಭಕ್ತಿಯಿಂದ ಕೈ ಎತ್ತಿದರು. ಮೆಟ್ಟಿಲ ಮೇಲೆ ಹುಡುಗರು ನಕ್ಕದ್ದು ಕೆಳಗೆ ರೊಟ್ಟಿ ಬಡಿಯುತ್ತಿದ್ದ ಚಾಂದಬಿಯ ಕಿವಿಗೆ ಬಿತ್ತು.

ಚಾಂದಬಿ ಕಾಸಿಮಸಾಬರ ಹೆಂಡತಿ, ಹೊನವಾಡದ ಮಗಳು. ನಾನು ಅವರನ್ನು ಚಾಚಿ ಎಂದೂ ಕಾಸಿಮಸಾಬರನ್ನು ಕಾಕಾ ಎಂದೂ ಕರೆಯುತ್ತಿದ್ದೆ. ಅವರ ಮಗಳು ನಜಮಾ ಮದುವೆಯಾಗಿ ಬಬಲೇಶ್ವರಕ್ಕೆ ಹೋದಮೇಲೆ ಗಂಡಹೆಂಡಿರ ಜಗಳ ಕೇಳಲು ಮನೆಯಲ್ಲಿ ನಾನೊಬ್ಬನೇ ಉಳಿದಿದ್ದೆ. ಬೈಯುವಾಗ ಇಬ್ಬರೂ ಉರ್ದುವಿನಲ್ಲಿ ಬೈಯುತ್ತಿದ್ದರು, ನನ್ನನ್ನು ಸಾಕ್ಷಿಗೆ ಕರೆಯುವಾಗ ಕನ್ನಡಕ್ಕೆ ಬರುತ್ತಿದ್ದರು. ಮರುದಿನ ಬೆಳಿಗ್ಗೆ ಕನ್ನಡ ಬಹಳ ಬೇಗ ಬಂತು.

"ಮಲಕಾಜಪ್ಪ, ನೀನ ಹೇಳಪ. ಬರೂ ತಿಂಗಳ ಆಖರಿ ಐತವಾರ ಸಾಲಿಯೊಳಗ ಕಣ್ಣಿನ ಕ್ಯಾಂಪ ಐತಂತ. ಪೊರಿ ತಗದು, ಔಷಧ ಹಾಕಿ ಕಳಸ್ತಾರಂತ. ಹೋದ್ರ ಇವರ ಗಂಟೇನ ಹೋಗತೈತಿ?"

"ಪೊರಿ ಇದ್ದವರು ಹೋಗ್ಲಿ" ಎಂದರು ಕಾಸಿಮಸಾಬರು, ನನ್ನ ಬದಲು ನನ್ನ ಅಂಗಿ ತೂಗುಹಾಕಿದ್ದ ಗೂಟಕ್ಕೆ. "ನನಗೇನಾಗೇತಿ? ಕರಡಗುಡ್ಡದ ಮ್ಯಾಲ ನಿಂತ್ರ ಗೋಳಗುಮ್ಮಟ ಕಾಣೂ ಕಣ್ಣವು ಇವು!"

ಈ ಕರಡಗುಡ್ಡದ ಕಥೆಯನ್ನು ವಿಜಾಪುರಕ್ಕೆ ಬಂದ ಪ್ರವಾಸಿಗರೆಲ್ಲ ಕೇಳಿದ್ದಾರೆ. ಟಿಕೋಟಾ ದಾಟಿ ಹೊನವಾಡಕ್ಕೆ ಹೋಗುವ ದಾರಿಯಲ್ಲಿ ಒಂದು ಗುಡ್ಡ. ಗುಡ್ಡವೆಂದರೆ ಮಲೆನಾಡಿನವರು ನಕ್ಕಾರು, ಆದರೆ ನಮ್ಮ ಬಟಾಬಯಲಿನಲ್ಲಿ ಎಮ್ಮೆ ಮಲಗಿದಷ್ಟು ಎತ್ತರವಿದ್ದರೂ ಅದು ಗುಡ್ಡವೇ. ಕರಡ ಎಂಬ ಒರಟು ಹುಲ್ಲು ಬೆಳೆಯುತ್ತದೆಂದು ಅರಣ್ಯ ಖಾತೆಯವರು ಅದಕ್ಕೆ ತಂತಿ ಬೇಲಿ ಹಾಕಿ, ದನ ಬಿಡದಂತೆ ಕಾಯ್ದಿಟ್ಟಿದ್ದರು. ಹೊಸ ಮದುಮಗನಾಗಿ ಹೊನವಾಡಕ್ಕೆ ಹೋದಾಗ ಕಾಸಿಮಸಾಬರು ಹೆಂಡತಿಯ ಅಣ್ಣಂದಿರೊಡನೆ ಅದನ್ನು ಹತ್ತಿ, ಅಲ್ಲಿಂದ ಗುಮ್ಮಟ ನೋಡಿದ್ದರು. ಅದು ನಿಜ. ಆಮೇಲೆ ಮೂವತ್ತು ವರ್ಷ ಅದನ್ನೇ ಹೇಳಿ ಹೇಳಿ ಗುಡ್ಡ ಬೆಳೆದಿತ್ತು, ಗುಮ್ಮಟ ಹತ್ತಿರ ಬಂದಿತ್ತು.

ಚಾಂದಬಿ ಆ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. "ಹಂಗಾರ ನಡೀರಿ ಕರಡಗುಡ್ಡಕ್ಕ. ಆಖರಿ ಚಾರಶಂಬಾಕ್ಕ ಹೆಂಗೂ ಟಾಂಗಾ ಹೂಡಂಗಿಲ್ಲ. ಅಲ್ಲಿಂದ ಗುಮ್ಮಟ ಕಂಡ್ರ, ಸಾಯೂ ತನಕಾ ನಾ ಕಣ್ಣಿನ ಸುದ್ದಿ ಎತ್ತಂಗಿಲ್ಲ. ಕಾಣಲಿಲ್ಲಾ, ಅದರ ಮುಂದಿನ ಐತವಾರ ಸುಮ್ಮಕ ಕ್ಯಾಂಪಿಗೆ ಬರಬೇಕು. ಕಬೂಲೇನು?"

ಬಾಯಿಬಡಕನಿಗೆ ಹಿಂದೆ ಸರಿಯುವ ದಾರಿ ಎಲ್ಲಿ? "ಕಬೂಲ!" ಎಂದರು ಕಾಸಿಮಸಾಬರು.

"ತೀರ್ಪು ಹೇಳಾಕ ಮಲಕಾಜಪ್ಪ ಬರ್ತಾನ" ಎಂದು ಚಾಂದಬಿ ನನ್ನನ್ನು ಕೇಳದೆಯೇ ನೇಮಿಸಿದರು. ನನಗೆ ಗುಡ್ಡ, ಬೆಟ್ಟ, ನಡಿಗೆ ಎಂದರೆ ಮೊದಲಿನಿಂದಲೂ ಆಗದು. ಕಾಲಿರುವುದು ಮೇಜಿನ ಕೆಳಗೆ ಚಾಚಲಿಕ್ಕೆ ಎಂದು ನಂಬಿದವನು ನಾನು. ಆದರೆ ಚಾಚಿ ಕೂಡಲೇ ಎಣ್ಣೆಗಾಯಿ, ಬೆಲ್ಲ ತುಪ್ಪದ ಮಲೀದಾ ಎಂದು ಶುರುಮಾಡಿದರು. ಹೊಟ್ಟೆನೋವೆಂದು ಬರೆದು ರಜೆ ಹಾಕಿದೆ.

ಆಖರಿ ಚಾರಶಂಬಾ ಎಂದರೆ ಸಫರ್ ತಿಂಗಳ ಕೊನೆಯ ಬುಧವಾರ. ಆ ದಿನ ನಮ್ಮ ಕಡೆಯ ಮುಸಲ್ಮಾನರು ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಬರಿಗಾಲಲ್ಲಿ ಹಸಿರು ತುಳಿದು ಬರುತ್ತಾರೆ. ಹಸಿರು ತುಳಿದರೆ ವರ್ಷದ ಪೀಡೆ ಕಳೆಯುತ್ತದೆಂದು ನಂಬಿಕೆ. ವಿಜಾಪುರದಂಥ ಊರಿನಲ್ಲಿ ಇದು ಸಣ್ಣ ಕೆಲಸವಲ್ಲ, ಪೀಡೆ ಬೇಕಾದಷ್ಟು, ಹಸಿರಿಗೇ ಬರ. ಬಹಳ ಮಂದಿ ಗೋಳಗುಮ್ಮಟದ ಮುಂದಿನ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿ ಮುಗಿಸುತ್ತಾರೆ. ಪ್ರತಿ ವರ್ಷ ಕಾಸಿಮಸಾಬರು ಮಾಡುತ್ತಿದ್ದದ್ದೂ ಅದನ್ನೇ.

ಆ ಬುಧವಾರ ಎದ್ದು ನೋಡಿದರೆ ಬಾನು ಕಾಣದಂತೆ ಮೋಡ, ನೆಲ ಕಾಣದಂತೆ ಮಂಜು. ಹೊನವಾಡದ ಬಸ್ಸು ದೀಪ ಹಚ್ಚಿಕೊಂಡೇ ಹೊರಟಿತು. ಟಿಕೋಟಾದಲ್ಲಿ ಬಸ್ಸು ನಿಂತಾಗ ದ್ರಾಕ್ಷಿ ಬೆಳೆದವರು ತಲೆಯ ಮೇಲೆ ಕೈ ಹೊತ್ತು ಮುಗಿಲು ನೋಡುತ್ತಿದ್ದರು. "ಹವಾ ಎಷ್ಟ ಸ್ವಚ್ಛ ಐತಿ ನೋಡ ಮಲಕಾಜಪ್ಪ" ಎಂದರು ಕಾಸಿಮಸಾಬರು, ಕಿಟಕಿಯಿಂದ ಹೊರಗೆ ನೋಡುತ್ತ. ಅವರಿಗೆ ಅದು ದಿನದಂತೆಯೇ ಕಂಡಿರಬೇಕು. ಚಾಂದಬಿ ನನ್ನ ಕಡೆ ಒಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರು.

ರಸ್ತೆಯಲ್ಲಿಳಿದು ಜೋಳದ ಹೊಲಗಳ ನಡುವಿನ ಹಾದಿ ಹಿಡಿದು ಗುಡ್ಡದ ಬೇಲಿಗೆ ಬಂದೆವು. ಗೇಟಿನಲ್ಲಿ ಅರಣ್ಯ ಖಾತೆಯ ಕಾವಲುಗಾರ ಧೂಳಪ್ಪ ಇರುತ್ತಾನೆಂದು ಚಾಂದಬಿ ಮೊದಲೇ ಹೇಳಿದ್ದರು. ಇಂಥಲ್ಲಿ ಮಾತಾಡುವುದು ಗಂಡಸಿನ ಕೆಲಸವೆಂದು ಕಾಸಿಮಸಾಬರು ಎಲ್ಲರಿಗಿಂತ ಮುಂದೆ ಹೋಗಿ, ಎದುರಿಗೆ ಕಂಡ ಖಾಕಿಗೆ ದೊಡ್ಡ ಸಲಾಮು ಹೊಡೆದರು.

"ಸಲಾಮ್ರಿ ಧೂಳಪ್ಪನವರ. ನಾವು ವಿಜಾಪುರದಿಂದ ಬಂದೇವಿ. ಹೊನವಾಡದ ಅಳಿಯಾ ನಾನು. ಹಸರ ತುಳದು, ಊಟಾ ಮಾಡಿ ಹೊಕ್ಕೇವ್ರಿ. ಬೀಡಿ ಸೈತ ಹಚ್ಚಂಗಿಲ್ಲ."

ಖಾಕಿ ಉತ್ತರ ಕೊಡಲಿಲ್ಲ. ಅದು ಗೇಟಿನ ಕಂಬಕ್ಕೆ ತೂಗುಹಾಕಿದ ಕೋಟು. ಕೋಟಿನ ಒಡೆಯ ಧೂಳಪ್ಪ ಎದುರುಬದಿಯ ಬೇವಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಬಾಯಲ್ಲಿದ್ದ ತಂಬಾಕು ಉಗುಳುವುದನ್ನೂ ಮರೆತು ನೋಡುತ್ತಿದ್ದ. ನನಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಚಾಂದಬಿ ಒಂದು ಗಳಿಗೆ ತಡಮಾಡಲಿಲ್ಲ. "ಏ ಧೂಳಪ್ಪಣ್ಣಾ, ನೋಡು ನಮ್ಮನಿಯವರ ಮರ್ಯಾದಿ! ಸರಕಾರದ ಕೋಟಿಗೆ ಮೊದಲ ಸಲಾಂ, ಆಮ್ಯಾಲ ನಿನಗ."

ಧೂಳಪ್ಪ ಎದ್ದು ನಿಂತು ತನ್ನ ಕೋಟನ್ನೊಮ್ಮೆ, ಕಾಸಿಮಸಾಬರನ್ನೊಮ್ಮೆ ನೋಡಿದ. ಅಷ್ಟು ಮರ್ಯಾದೆ ಆ ಕೋಟಿಗೆ ಹೊಲಿದ ದಿನದಿಂದ ಸಿಕ್ಕಿರಲಿಲ್ಲ. "ಹೋಗಿಬರ್ರಿ ಸಾಹೇಬ್ರ" ಎಂದು ಗೇಟು ತೆಗೆದ.

ಏರು ಶುರುವಾಯಿತು. ಸಂಪ್ರದಾಯದಂತೆ ಕಾಸಿಮಸಾಬರು ಮುಂದೆ, ಹೆಂಡತಿ ಹಿಂದೆ. ಚಾಂದಬಿ ಮದುವೆಯಾದಾಗಿನಿಂದ ಗಂಡನ ಮುಂದೆ ಹೆಜ್ಜೆ ಹಾಕಿದವರಲ್ಲ, ಹೊರಗೆ ಅವರ ಮಾತು ತಿದ್ದಿದವರೂ ಅಲ್ಲ. ಬೈಯುವುದೇನಿದ್ದರೂ ಮನೆಯ ಬಾಗಿಲ ಒಳಗೆ. ನಡುವೆ ನಾನು, ತಲೆಯ ಮೇಲೆ ಬುತ್ತಿಯ ಗಂಟು. ಎರಡೂ ಬದಿಗೆ ಮೊಳಕಾಲು ಮುಚ್ಚುವ ಕರಡ, ಮಂಜಿಗೆ ತೊಯ್ದು ತಲೆಬಾಗಿತ್ತು. ನಡುನಡುವೆ ಡಬಗಳ್ಳಿ, ಮುಳ್ಳು ತುಂಬಿದ ಬಾರಿಗಿಡ. ಎಲ್ಲಿಯೋ ಕೌಜಗ ಒಂದೇ ಸಮನೆ ಕೂಗುತ್ತಿತ್ತು.

"ಮಲಕಾಜಪ್ಪ, ಬಲಕ್ಕ ಕಲ್ಲೈತಿ ನೋಡಪ" ಎಂದರು ಚಾಂದಬಿ ಹಿಂದಿನಿಂದ.

ನೋಡಿದೆ. ಕಲ್ಲು ನನಗಿಂತ ಎಷ್ಟೋ ಮುಂದಿತ್ತು. ಇರಲಿ ಎಂದುಕೊಂಡೆ.

"ಮಲಕಾಜಪ್ಪ, ಮುಂದ ತಗ್ಗೈತಿ. ಕಾಲ ಎತ್ತಿ ಇಡು."

"ಮಲಕಾಜಪ್ಪ, ಎಡಕ್ಕ ಹೊಳ್ಳು."

ನನಗೆ ಸಿಟ್ಟು ಬಂತು. ಕನ್ನಡಕ ಹಾಕಿದವನೆಂದರೆ ಕುರುಡನೇ? "ಚಾಚಿ, ನನಗ ಎಲ್ಲಾ ಕಾಣತೈತ್ರಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಹಿಂದಿನಿಂದ ಬೆನ್ನಿಗೆ ಒಂದು ಗುದ್ದು ಬಿತ್ತು. "ಸುಮ್ಮಕ ಹೂಂ ಅನ್ನು" ಎಂಬ ಪಿಸುಮಾತೂ ಬಂತು. ಆಗ ಮುಂದೆ ನೋಡಿದೆ. "ಮಲಕಾಜಪ್ಪ, ಕಲ್ಲು" ಎಂದಾಗ ಎತ್ತಿ ಇಡುತ್ತಿದ್ದದ್ದು ಕಾಸಿಮಸಾಬರ ಕಾಲು. "ಮಲಕಾಜಪ್ಪ, ಎಡಕ್ಕ" ಎಂದಾಗ ಹೊರಳುತ್ತಿದ್ದದ್ದು ಕೆಂಪು ರುಮಾಲು. ಗಂಡನ ಮರ್ಯಾದೆ ಮುಕ್ಕಾಗದಂತೆ ಅವರ ಕುರುಡುತನವನ್ನು ನನ್ನ ಹೆಸರಿಗೆ ಕಟ್ಟಿ ನಡೆಸುತ್ತಿದ್ದರು ಆ ಹೆಣ್ಣುಮಗಳು. ನನ್ನ ಮಂದಬುದ್ಧಿಗೆ ನನಗೇ ನಾಚಿಕೆಯಾಯಿತು.

ಆಮೇಲೆ ನಾನು ಪಾತ್ರಕ್ಕೆ ಇಳಿದೆ. "ಹೌದ್ರಿ ಚಾಚಿ, ನೀವು ಹೇಳದಿದ್ರ ಬೀಳ್ತಿದ್ದೆ ನೋಡ್ರಿ" ಎಂದು ಪ್ರತಿ ಕಲ್ಲಿಗೂ ಕೃತಜ್ಞತೆ ಹೇಳುತ್ತ ನಡೆದೆ. ಕಾಸಿಮಸಾಬರು ಮುಂದಿನಿಂದಲೇ, "ಅಂವನ ಕೈ ಹಿಡೀರಿ ಯಾರರ, ಪಾಪ" ಎಂದು ಮರುಗಿದರು. ಒಮ್ಮೆ ಮಾತ್ರ ನಮ್ಮ ಏರ್ಪಾಡು ಕೈಕೊಟ್ಟಿತು. ಚಾಂದಬಿ ಚಪ್ಪಲಿಗೆ ಚುಚ್ಚಿದ ಮುಳ್ಳು ತೆಗೆಯಲು ನಿಂತರು, ನಾನು ಗಂಟಿನಿಂದ ಬರುತ್ತಿದ್ದ ಎಣ್ಣೆಗಾಯಿಯ ವಾಸನೆಯಲ್ಲಿ ಮೈಮರೆತಿದ್ದೆ. ಕಾಸಿಮಸಾಬರು ನೇರ ಹೋಗಿ ಬಾರಿಗಿಡವನ್ನು ಅಪ್ಪಿಕೊಂಡರು. ರುಮಾಲು ಗಿಡದಲ್ಲಿ ಉಳಿಯಿತು.

"ಈ ಫಾರೆಸ್ಟಿನವರಿಗೆ ಬುದ್ಧಿ ಐತೇನು! ನಟ್ಟ ನಡುವ ದಾರ್ಯಾಗ ಗಿಡಾ ಹಚ್ಯಾರ!" ಎಂದು ಗುಡುಗಿದರು.

ಗಿಡ ದಾರಿಯಿಂದ ಮಾರುದೂರ ಇತ್ತು. ನಾನು ರುಮಾಲು ಬಿಡಿಸಿಕೊಟ್ಟೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಕೇಳಿದ್ದೆ, ಅಂದು ಕಣ್ಣಾರೆ ಕಂಡೆ.

ನೆತ್ತಿಗೆ ಬಂದಾಗ ಮೂವರಿಗೂ ಏದುಸಿರು. ಅಲ್ಲೊಂದು ಸಣ್ಣ ಹೊಂಡ. ಅದರ ಸುತ್ತ ಗುಡ್ಡಕ್ಕೆಲ್ಲ ಅದೊಂದೇ ಎಂಬಂತೆ ಒಂದಿಷ್ಟು ಹಸಿರು ಹುಲ್ಲು. ಚಾಂದಬಿ, "ಮಲಕಾಜಪ್ಪ, ಇಲ್ಲಿ ಹಸರೈತಿ ಬಾ" ಎಂದು ಕರೆದರು. ಕಾಸಿಮಸಾಬರು ಜೋಡು ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ನಿಂತರು. ಒದ್ದೆ ಹುಲ್ಲಿನ ತಂಪು ಅಂಗಾಲಿಗೆ ತಾಗಿದ್ದೇ ಅವರ ಮುಖ ಅರಳಿತು. ಬಾಯಲ್ಲೇ ಏನೋ ಓದಿಕೊಂಡು, ಮಗುವಿನ ಹಾಗೆ ಅಲ್ಲೇ ಹಿಂದೆ ಮುಂದೆ ತುಳಿದಾಡಿದರು. ನನ್ನ ಪೀಡೆಯೂ ಒಂದಿಷ್ಟು ಕಳೆಯಲೆಂದು ನಾನೂ ತುಳಿದೆ.

ನಂತರ ಕಾಸಿಮಸಾಬರು ಜೋಡು ಮೆಟ್ಟಿ, ರುಮಾಲು ಸರಿಮಾಡಿ, ನೆತ್ತಿಯ ಅಂಚಿಗೆ ಹೋಗಿ ನಿಂತರು. ಹತ್ತಿ ಬಂದ ದಾರಿ ಯಾವ ಕಡೆಗಿತ್ತು, ಬಸ್ಸು ಯಾವ ಕಡೆಯಿಂದ ಬಂತು ಎಂಬುದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. ಪ್ರವಾಸಿಗರಿಗೆ ತೋರಿಸುವ ಅದೇ ಠೀವಿಯಿಂದ ಕೈ ಚಾಚಿದರು.

"ಅಗೋ ನೋಡ್ರಿ ಗೋಳಗುಮ್ಮಟ! ನಾಕೂ ಮೂಲಿ ಮಿನಾರ ಹ್ಯಾಂಗ ಎದ್ದು ಕಾಣಾಕತ್ತಾವ! ಮ್ಯಾಲ ಗ್ಯಾಲರಿಯೊಳಗ ಮಂದಿ ತಿರಗ್ಯಾಡಾಕತ್ತಾರ. ಒಬ್ಬಾಕಿ ಕೆಂಪ ಸೀರಿ ಉಟ್ಟಾಳ."

ನಾನು ನೋಡಿದೆ. ಬಿಳಿ ಮಂಜು. ಗುಮ್ಮಟದ ಮಾತು ಹಾಗಿರಲಿ, ಗುಡ್ಡದ ಬುಡದ ಬೇವಿನ ಮರವೂ ಕಾಣುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಮಂಜು ಇನ್ನೂ ಸ್ಪಷ್ಟವಾಗಿ ಕಂಡಿತು.

"ಏನು ಮಲಕಾಜಪ್ಪ, ತೀರ್ಪು ಹೇಳು" ಎಂದರು ಕಾಸಿಮಸಾಬರು.

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ಹೌದೆಂದರೆ ಚಾಚಿಯ ಬಾಳು ಬಿಜಲಿಯ ಕೈಗೆ, ಇಲ್ಲವೆಂದರೆ ಕಾಕಾನ ಮಾನ ನನ್ನ ಕೈಗೆ. ಚಾಂದಬಿ ನನ್ನ ಮುಖ ನೋಡುತ್ತ ನಿಂತರು, ಆ ನೋಟಕ್ಕೆ ಸುಳ್ಳು ಹೇಳಲಾಗಲಿಲ್ಲ.

"ಕಾಕಾ, ಮಂಜ ಬಿದ್ದೈತ್ರಿ. ಮುಂಜಾನಿಂದಾನೂ ಬಿದ್ದೈತಿ. ಗುಮ್ಮಟಲ್ಲ, ಟಿಕೋಟಾ ಸೈತ ಕಾಣವಲ್ದು. ಇಲ್ಲಿಂದ ಯಾರಿಗೂ ಏನೂ ಕಾಣಂಗಿಲ್ಲ."

ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. ಕಾಸಿಮಸಾಬರು ಕೆಮ್ಮಿ, "ಯಾರಿಗೂ ಕಾಣಂಗಿಲ್ಲಂದ್ರ ಪಂದ್ಯ ಹ್ಯಾಂಗ ಆಗತೈತಿ? ಮಂಜ ಬಿದ್ದ ದಿನದ ಪಂದ್ಯ ರದ್ದು" ಎಂದರು.

ವಾದ ಚೆನ್ನಾಗಿಯೇ ಇತ್ತು, ನಮ್ಮ ಕಚೇರಿಯಲ್ಲಾದರೆ ಗೆದ್ದೇ ಬಿಡುತ್ತಿತ್ತು. ಆದರೆ ಚಾಂದಬಿಯ ತಾಳ್ಮೆ ಅಲ್ಲಿಗೆ ಹರಿಯಿತು. ಮನೆಯ ಬಾಗಿಲ ಒಳಗೆ ಆಡುವುದನ್ನೆಲ್ಲ ಮೊದಲ ಸಲ ಬಯಲಲ್ಲಿ ನಿಂತು ಆಡಿದರು, ಅದೂ ಕನ್ನಡದಲ್ಲಿ.

"ರದ್ದು ಮಾಡ್ರಿ! ಪಂದ್ಯ ಯಾರಿಗಿ ಬೇಕಾಗೇತಿ? ನಿಮಗ ಕಾಣಂಗಿಲ್ಲಂತ ಇಡೀ ವಿಜಾಪುರಕ್ಕ ಗೊತ್ತೈತಿ. ಹೋದ ತಿಂಗಳ ಬಜಾರದಾಗ ಬಿಜಲಿ ಸುಮ್ಮಕ ನಿಂತ ಬಿಟ್ಟಿತಂತ ಬಂದು ಬೈದ್ರಲ್ಲಾ, ಅದು ಯಾಕ ನಿಂತಿತ್ತು ಗೊತ್ತೇನು? ಕಾಯಿಪಲ್ಲೆ ಮಾರೂ ಪರಸವ್ವನ ಮೊಮ್ಮಗಳು ಚೆಂಡಿನ ಹಿಂದ ಓಡಿ ಬಂದು ಅದರ ಕಾಲಾಗ ಬಿದ್ದಿದ್ದಳು. ಕುದರಿಗೆ ಕಂಡಿತು. ನೀವು ಚಾಬೂಕ ಎತ್ತಿದ್ರಿ. ಪರಸವ್ವ ಬಂದು ನನ್ನ ಮುಂದ ಅತ್ತ ಹೋದಳು. ನಿಮಗ ಹೇಳಬ್ಯಾಡ ಅಂದಳು. ಸಂಜಿಕ ಬಿಜಲಿ ಮನಿ ಮುಂದ ಬಂದು ನಿಂದ್ರೂ ತನಕಾ ನನ್ನ ಜೀವ ಜೀವದಾಗ ಇರಂಗಿಲ್ರಿ."

ಕಾಸಿಮಸಾಬರು ಅಲ್ಲೇ ಒಂದು ಕಲ್ಲಿಗೆ ಕೈ ತಡವಿ ಕೂತರು. "ಅದಕ್ಕ ನಿಂತಿತ್ತಾ ಅದು?" ಎಂದರು. ಆ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಬಿಜಲಿಗೆ ಹೊಡದ ಬಿಟ್ಟಿದ್ದೆ ನಾ."

ಚಾಂದಬಿ ಕಣ್ಣೊರೆಸಿಕೊಂಡು, ಬುತ್ತಿ ಬಿಚ್ಚಿದರು. ಸಿಟ್ಟಿನಲ್ಲಿಯೂ ಗಂಡನ ರೊಟ್ಟಿಗೆ ಬೆಣ್ಣೆ ಹೆಚ್ಚಾಗಿಯೇ ಬಿತ್ತು. ಅರ್ಧ ರೊಟ್ಟಿ ಮುಗಿದ ಮೇಲೆ ಕಾಸಿಮಸಾಬರು ತಾವಾಗಿ ಬಾಯಿ ಬಿಟ್ಟರು.

"ನಮ್ಮ ಕುತುಬುದ್ದೀನ ಕಾಕಾಗ ಹಿಂಗ ಪೊರಿ ಬಂದಿತ್ತು. ಊರೂರ ತಿರಗೂ ಅಂವ ಯಾವನೋ ಬಂದು ಸೂಜಿ ಹಾಕಿ ತಗದಾ. ಇದ್ದ ಬೆಳಕೂ ಹೋತು. ಪೈಲ್ವಾನ ಇದ್ದಂವ ಅವನು. ಆಮ್ಯಾಲ ಸಾಯೂ ತನಕಾ ಇನ್ನೊಬ್ರ ಕೈ ಹಿಡದು ಬಜಾರದಾಗ ನಡದಾ. ಮಂದಿ ಅಯ್ಯೋ ಪಾಪ ಅಂತ ಸರದು ದಾರಿ ಬಿಡೋರು. ನಾ ಸತ್ರೂ ಕೈ ಹಿಡಿಸ್ಕೊಂಡು ನಡಿಯಂಗಿಲ್ಲಂತ ಆವತ್ತ ಆಣಿ ಮಾಡೇನಿ. ಅಂಜಿಕಿ ಬರತೈತಿ, ಮತ್ತೇನು."

"ಅದು ಆ ಕಾಲ್ರಿ. ಈಗ ಡಾಕ್ಟರು ಅದಾರ" ಎಂದೆ. ನನ್ನ ಮಾತಿಗೆ ಅವರು ತಲೆಯಾಡಿಸಿದರು, ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಚಾಂದಬಿ ಒತ್ತಾಯ ಮಾಡಲಿಲ್ಲ. ಪಂದ್ಯ ಗೆದ್ದೆನೆಂದೂ ಹೇಳಲಿಲ್ಲ. ಮಲೀದಾ ಮಾತ್ರ ಗಂಡನಿಗೊಂದು ಹಿಡಿ ಹೆಚ್ಚು ಹಾಕಿದರು, ನನಗೊಂದು ಹಿಡಿ ಕಡಿಮೆಯಾಯಿತು. ತೀರ್ಪುಗಾರರ ಬಾಳೇ ಇಷ್ಟು.

ಊಟ ಮುಗಿಯುವ ಹೊತ್ತಿಗೆ ಗಾಳಿ ಎದ್ದಿತು. ಮೋಡ ಒಡೆದು ಬಿಸಿಲು ಬಿತ್ತು, ಮಂಜು ಹರಿಯತೊಡಗಿತು. ಮೊದಲು ಬೇವಿನ ಮರ ಕಂಡಿತು, ಆಮೇಲೆ ಜೋಳದ ಹೊಲಗಳು, ಟಿಕೋಟಾದ ಮನೆಗಳು. ಕೈ ತೊಳೆಯುತ್ತಿದ್ದ ನಾನು ತಲೆ ಎತ್ತಿದೆ. ದೂರದಲ್ಲಿ, ಬಾನು ನೆಲ ಕೂಡುವಲ್ಲಿ, ಕಾಸಿಮಸಾಬರು ಕೈ ಚಾಚಿದ್ದ ಅದೇ ದಿಕ್ಕಿನಲ್ಲಿ, ಗೋಳಗುಮ್ಮಟ.

"ಕಾಕಾ! ಐತ್ರಿ! ಗುಮ್ಮಟ ಕಾಣಾಕತ್ತೈತಿ!" ಎಂದು ಕೂಗಿದೆ.

ನಾ ಹೇಳಲಿಲ್ಲವೇ ಎಂದು ಮೀಸೆ ತಿರುವುತ್ತಾರೆಂದುಕೊಂಡಿದ್ದೆ. ಅವರು ಎದ್ದು ನಿಂತು ಆ ಕಡೆ ಮುಖ ಮಾಡಿದರು, ಕಣ್ಣು ಕಿರಿದು ಮಾಡಿದರು, ದೊಡ್ಡದು ಮಾಡಿದರು. ಮತ್ತೆ ಹೆಂಡತಿ ಇದ್ದ ಕಡೆ ತಿರುಗಿ, "ಹ್ಯಾಂಗ ಕಾಣತೈತಿ? ನೀನ ಹೇಳು" ಎಂದರು.

ಹೊನವಾಡದಲ್ಲಿ ಹುಟ್ಟಿಯೂ ಚಾಂದಬಿ ಈ ಗುಡ್ಡ ಹತ್ತಿದ್ದು ಅದೇ ಮೊದಲು. ಆಗಿನ ಕಾಲದಲ್ಲಿ ಹೆಣ್ಣುಮಕ್ಕಳನ್ನು ಯಾರು ಕರೆತರುತ್ತಿದ್ದರು? ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಗಡಿಗಿ ಬೋರಲ ಹಾಕಿದಂಗ ಕಾಣತೈತ್ರಿ. ಸಣ್ಣ ಗಡಿಗಿ. ಇಷ್ಟಕ್ಕ ಮೂವತ್ತ ವರ್ಷ ಅಷ್ಟ ಬಡಾಯಿ ಕೊಚ್ಚಿದ್ರೇನು?"

ಕಾಸಿಮಸಾಬರು ನಕ್ಕರು. ಚಾಂದಬಿಯೂ ನಕ್ಕರು.

ಗುಡ್ಡ ಹತ್ತುವುದು ಬೇರೆ, ಇಳಿಯುವುದು ಬೇರೆ. ಹತ್ತುವಾಗ ನೆಲ ಕಾಲಿಗೆ ತಾನಾಗಿ ಎದುರು ಬರುತ್ತದೆ, ಇಳಿಯುವಾಗ ಅದನ್ನು ಹುಡುಕಬೇಕು. ಬಿಸಿಲು ಬೇರೆ ಕಣ್ಣಿಗೆ ಹೊಡೆಯುತ್ತಿತ್ತು. ಮೊದಲ ಇಳುಕಲಿನಲ್ಲೇ ಕಾಸಿಮಸಾಬರ ಕಾಲು ಸಡಿಲ ಕಲ್ಲಿನ ಮೇಲೆ ಜಾರಿತು. "ಮಲಕಾಜಪ್ಪ, ಕಲ್ಲು" ಎಂದು ಚಾಂದಬಿ ಹೇಳುವುದರೊಳಗೆ ಇನ್ನೊಂದು ಕಲ್ಲು ಉರುಳಿತು. ನಾನು ಓಡಿಹೋಗಿ ಕೈ ನೀಡಿದೆ. ಅವರು ಅದನ್ನು ತಳ್ಳಿದರು. ಹೆಜ್ಜೆ ಕಿತ್ತಿಡದೆ ಒಂದು ಗಳಿಗೆ ಅಲ್ಲೇ ನಿಂತರು. ಆಮೇಲೆ ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದರು.

"ನಜಮಾನ ಅಮ್ಮಾ, ಮುಂದ ಬಾ."

ಚಾಂದಬಿ ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ಡಬಗಳ್ಳಿಯ ಹಣ್ಣುಗಳನ್ನು ಬಹಳ ಆಸ್ಥೆಯಿಂದ ನೋಡತೊಡಗಿದೆ. ಅವರು ಸೆರಗು ಬಿಗಿಮಾಡಿಕೊಂಡು ಗಂಡನನ್ನು ದಾಟಿ ಮುಂದೆ ಬಂದು ಆ ಕೈ ಹಿಡಿದರು. ಹೀಗೆ ಇಳಿದೆವು. "ಕಲ್ಲೈತಿ." "ಹೂಂ." "ತಗ್ಗೈತಿ." "ಹೂಂ." ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ.

ಗೇಟಿನ ಹತ್ತಿರ ಬಂದಾಗ ನೋಡಿದರೆ ಬೇವಿನ ಕೆಳಗೆ ಜಾತ್ರೆಯೇ ನೆರೆದಿತ್ತು. ಬಿಸಿಲು ಬಿದ್ದದ್ದು ಕಂಡು ಹೊನವಾಡದ ಮನೆಗಳವರು ಬುತ್ತಿ ಕಟ್ಟಿಕೊಂಡು ಹಸಿರು ತುಳಿಯಲು ಬಂದಿದ್ದರು. ಚಾಂದಬಿಯ ಅಣ್ಣನ ಸೊಸೆಯಂದಿರು, ಓಣಿಯ ಮುದುಕಿಯರು, ಮಸೀದಿಯ ಹಿರಿಯರು. ಧೂಳಪ್ಪ ಕೋಟು ತೊಟ್ಟುಕೊಂಡು ನಿಂತಿದ್ದ. ಎಲ್ಲರ ಕಣ್ಣೂ ಹೆಂಡತಿಯ ಕೈ ಹಿಡಿದು ಹಿಂದೆ ಬರುತ್ತಿದ್ದ ಹೊನವಾಡದ ಅಳಿಯನ ಮೇಲೆ. ಯಾವಳೋ ಕಿಸಕ್ಕೆಂದಳು. ಚಾಂದಬಿಯ ಮುಖ ಕೆಂಪೇರಿತು, ಕೈ ಕೊಸರಿಕೊಳ್ಳಲು ನೋಡಿದರು.

"ಬಿಡ್ರಿ ಕೈ. ನಮ್ಮೂರ ಮಂದಿ ಎಲ್ಲಾ ನೋಡಾಕತ್ತಾರ."

ಕಾಸಿಮಸಾಬರು ಹಿಡಿತ ಇನ್ನಷ್ಟು ಬಿಗಿಮಾಡಿ, ಗುಡ್ಡದ ಈ ಬದಿಗೂ ಆ ಬದಿಗೂ ಕೇಳುವ ತಮ್ಮ ಹಳೆಯ ಗಂಟಲಿನಲ್ಲಿ ಹೇಳಿದರು:

"ನೋಡ್ಲಿ ಬಿಡು. ಐತವಾರದ ತನಕಾ ನನಗಂತೂ ಅವರು ಒಬ್ರೂ ಕಾಣಂಗಿಲ್ಲ."